ಪುಟ ತಿದ್ದಿದ್ರೂ ಹುಡುಕಾಟದಲ್ಲಿ ಹಳೇದೇ ಯಾಕೆ ಬರುತ್ತೆ? ವಿಕಿಪೀಡಿಯ ಇಟ್ಟುಕೊಂಡು ಒಂದು ಟಿಪ್ಪಣಿ

ಹೊಸಪೇಟೆ, ಹಂಪಿ ಎಲ್ಲ ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಕನ್ನಡ ವಿಕಿಪೀಡಿಯದಲ್ಲಿ ಇಂಥ ಊರಿನ ಪುಟ ತೆರೆದು, ಜಿಲ್ಲೆಯ ಹೆಸರು ಬದಲಿಸಿ ಉಳಿಸಿದಿರಿ ಅಂದುಕೊಳ್ಳಿ. ಪುಟ ಸರಿಯಾಗಿದೆ. ಆದರೆ ಹುಡುಕು ಪೆಟ್ಟಿಗೆಯಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದು ಹಾಕಿದರೆ ಅದೇ ಹಳೆಯ ಸಾಲಿನ ಸಮೇತ ಆ ಊರು ಬಂದು ಕೂರುತ್ತದೆ.

ಹುಡುಕಾಟ ಪುಟವನ್ನು ನೋಡುವುದೇ ಇಲ್ಲ. ಅದು ನೋಡುವುದು ಇಂಡೆಕ್ಸನ್ನು, ಅಂದರೆ ಪುಟಗಳ ಪದಗಳನ್ನೆಲ್ಲ ಮೊದಲೇ ಎತ್ತಿ ಜೋಡಿಸಿಟ್ಟ ಬೇರೆಯೇ ಪ್ರತಿಯನ್ನು. ನೀವು ಉಳಿಸಿದ ಮೇಲೆ ‘ಈ ಪುಟ ಬದಲಾಗಿದೆ’ ಎಂಬ ಸುದ್ದಿ ಆ ಪ್ರತಿಗೆ ಮುಟ್ಟಬೇಕು. ಮಾಮೂಲಿ ತಿದ್ದುಪಡಿಗೆ ಇದು ಕೆಲವೇ ನಿಮಿಷದ ಮಾತು. ಒಂದು ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ಸರಿಹೋಗಿರುತ್ತದೆ.

ನಿಜವಾದ ತಲೆನೋವು ಟೆಂಪ್ಲೇಟಿನದು, ಅಂದರೆ ಒಂದೇ ಕಡೆ ಬರೆದಿಟ್ಟು ಹಲವು ಪುಟಗಳಲ್ಲಿ ಕಾಣುವಂತೆ ಮಾಡುವ ತುಣುಕಿನದು. ಜಿಲ್ಲೆಯ ತಾಲೂಕುಗಳ ಪಟ್ಟಿ ಒಂದು ಟೆಂಪ್ಲೇಟಿನಲ್ಲಿದ್ದು, ಹತ್ತಾರು ಪುಟಗಳು ಅದನ್ನು ಬಳಸುತ್ತವೆ ಎನ್ನಿ. ನೀವು ತಿದ್ದಿದ್ದು ಒಂದನ್ನೇ, ಬದಲಾಗಬೇಕಾದ್ದು ಹತ್ತಾರು. ಆ ಪುಟಗಳೆಲ್ಲ ಸಾಲಿನಲ್ಲಿ ನಿಂತು ಒಂದೊಂದಾಗಿ ಮತ್ತೆ ಇಂಡೆಕ್ಸ್ ಆಗಬೇಕು. ಸಾವಿರಾರು ಪುಟ ಇದ್ದರೆ ಕಾಯುವುದೂ ಜಾಸ್ತಿ.

ಹಿಂದೆ ವಿಕಿಪೀಡಿಯದ ಹುಡುಕಾಟ ಟೆಂಪ್ಲೇಟಿನ ಒಳಗಿನ ಪಠ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈಗಿರುವ ಸಿರಸ್‌ಸರ್ಚ್ ಎಂಬ ಹುಡುಕು ವ್ಯವಸ್ಥೆ ಓದುಗರ ಕಣ್ಣಿಗೆ ಕಾಣುವ ಪೂರ್ತಿ ಪಠ್ಯವನ್ನು ಹುಡುಕುತ್ತದೆ. ಆ ಅನುಕೂಲಕ್ಕೆ ತೆರುವ ಬೆಲೆಯೇ ಈ ತಡ. ನನ್ನ ಮಟ್ಟಿಗೆ ಇದು ಲಾಭದ ವ್ಯಾಪಾರವೇ.

ತಡ ಎಲ್ಲಿ ಆಗಿದೆ ಎಂದು ಪತ್ತೆ ಮಾಡುವುದು ಹೇಗೆ? ಪ್ರತಿ ಫಲಿತಾಂಶದ ಕೆಳಗೆ ಸಣ್ಣ ಅಕ್ಷರದಲ್ಲಿ ಪುಟದ ಗಾತ್ರ, ಪದಗಳ ಸಂಖ್ಯೆ, ದಿನಾಂಕ, ಸಮಯ ಇರುತ್ತವೆ. ಆ ಸಮಯವನ್ನು ಪುಟದ ಇತಿಹಾಸದಲ್ಲಿರುವ ಕೊನೆಯ ತಿದ್ದುಪಡಿಯ ಸಮಯದ ಜೊತೆ ಹೋಲಿಸಿ. ಇತಿಹಾಸದಲ್ಲಿ ಇರುವುದಕ್ಕಿಂತ ಹಳೆಯದಾಗಿದ್ದರೆ ಇಂಡೆಕ್ಸ್ ಹಿಂದೆ ಬಿದ್ದಿದೆ ಎಂದರ್ಥ. ಎರಡೂ ಒಂದೇ ಇದ್ದರೆ ಸಮಸ್ಯೆ ಇಲ್ಲ ಅಂತ ಮಾತ್ರ ಹೇಳಿಬಿಡಬೇಡಿ. ಟೆಂಪ್ಲೇಟು ಬದಲಾದಾಗ ಅದನ್ನು ಬಳಸುವ ಪುಟದ ಇತಿಹಾಸದಲ್ಲಿ ಏನೂ ದಾಖಲಾಗುವುದಿಲ್ಲ ಅಲ್ವಾ? ಹಾಗಾಗಿ ಸಮಯ ತಾಳೆಯಾದರೂ ಪಠ್ಯ ಹಳೆಯದೇ ಇರಬಹುದು.

ಆಗ ಹುಡುಕು ಪೆಟ್ಟಿಗೆಯಲ್ಲಿ ಪದದ ಮುಂಚೆ ‘ಇನ್‌ಸೋರ್ಸ್’ (insource:) ಹಾಕಿ ಅದೇ ಪದ ಹುಡುಕಿ. ಅದು ಪುಟದ ಮೂಲ ವಿಕಿಪಠ್ಯದಲ್ಲಿ, ಅಂದರೆ ಸಂಪಾದಿಸುವಾಗ ಕಾಣುವ ಪಠ್ಯದಲ್ಲಿ ಮಾತ್ರ ಹುಡುಕುತ್ತದೆ. ಮಾಮೂಲಿ ಹುಡುಕಾಟದಲ್ಲಿ ಸಿಕ್ಕು ಇದರಲ್ಲಿ ಸಿಗದಿದ್ದರೆ, ಆ ಪದ ಟೆಂಪ್ಲೇಟಿನಿಂದ ಬಂದಿರುವ ಸಂಭವವೇ ಹೆಚ್ಚು. ಎರಡರಲ್ಲೂ ಸಿಕ್ಕಿದರೆ ಪುಟವನ್ನೇ ಇನ್ನೊಮ್ಮೆ ಓದಿ. ‘ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು’ ಎಂಬ ಸರಿಯಾದ ವಾಕ್ಯವೇ ಅಲ್ಲಿರಬಹುದು. ಪಾಪ, ಹುಡುಕಾಟದ್ದು ಏನೂ ತಪ್ಪಿಲ್ಲ.

ಕಾದರೂ ಸರಿಹೋಗದಿದ್ದರೆ ಬಹಳ ಜನ ಪರ್ಜ್ ಮಾಡುತ್ತಾರೆ. ಪರ್ಜ್ ತೆಗೆಯುವುದು ಪುಟ ತೋರಿಸಲು ಇಟ್ಟುಕೊಂಡ ಕ್ಯಾಶೆಯನ್ನು, ಅಂದರೆ ತಾತ್ಕಾಲಿಕ ಪ್ರತಿಯನ್ನು. ಇಂಡೆಕ್ಸ್ ಸರಿಮಾಡಲು ಅದನ್ನು ನೆಚ್ಚಿಕೊಳ್ಳಬೇಡಿ. ಇಲ್ಲಿ ಬೇಕಾದ್ದು ನಲ್ ಎಡಿಟ್. ಸಂಪಾದನೆ ತೆರೆದು, ಒಂದಕ್ಷರವನ್ನೂ ಮುಟ್ಟದೆ ಸುಮ್ನೆ ಉಳಿಸಿ. ಇತಿಹಾಸದಲ್ಲಿ ಸಾಲು ಸೇರುವುದಿಲ್ಲ, ಆದರೆ ಪುಟ ಮತ್ತೆ ಇಂಡೆಕ್ಸಿಗೆ ಹೋಗುತ್ತದೆ. ಪಠ್ಯದ ನಡುವೆ ಒಂದು ಸ್ಪೇಸ್ ಸೇರಿಸಿ ಉಳಿಸುವುದು ಬೇರೆ, ಅದು ಇತಿಹಾಸದಲ್ಲಿ ಉಳಿದುಬಿಡುತ್ತದೆ.

ಹಳೆಯ ಸಾಲು ಕಾಣುತ್ತಿರುವುದು ಗೂಗಲ್‌ನಲ್ಲಾದರೆ ನಲ್ ಎಡಿಟ್‌ನಿಂದ ಉಪಯೋಗವಿಲ್ಲ. ಅಲ್ಲಿರುವುದು ಗೂಗಲ್‌ನದೇ ಇಂಡೆಕ್ಸ್, ಪುಟಗಳನ್ನು ತಾನಾಗಿ ಓದುವ ಅದರ ಬಾಟ್ ಮತ್ತೆ ಬಂದು ಪುಟ ಓದಬೇಕು. ತಾಣ ನಿಮ್ಮದೇ ಆಗಿದ್ದರೆ, ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಕೊಟ್ಟು ಮತ್ತೆ ಇಂಡೆಕ್ಸ್ ಮಾಡಲು ಕೇಳಬಹುದು. ನಿಮ್ಮದಲ್ಲದಿದ್ದರೆ, ಹಳತಾದ ಫಲಿತಾಂಶವನ್ನು ತಾಜಾ ಮಾಡಿ ಎಂದು ಕೋರಲು ಗೂಗಲ್‌ನದೇ ಒಂದು ಪ್ರತ್ಯೇಕ ಪುಟವಿದೆ.