ನಾಲ್ಕು ಚಕ್ರಗಳ ಲೆಕ್ಕ ತಪ್ಪಿದಾಗ

ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ, ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್‌ನ ಹಳದಿ ದೀಪ ಹೊತ್ತಿಕೊಂಡು ಆರದೇ ಉಳಿದರೆ, ಆ ಹೆಸರಿನ ಯಾವುದೋ ಯಂತ್ರ ಕೆಟ್ಟಿದೆಯೆಂದು ಮಾಲೀಕರು ಭಾವಿಸುವುದು ಸಹಜ. ಆದರೆ ಕಾರನ್ನೆಲ್ಲ ಬಿಚ್ಚಿ ಹುಡುಕಿದರೂ ಅಂಥದೊಂದು ಪ್ರತ್ಯೇಕ ಬಿಡಿಭಾಗ ಸಿಗುವುದಿಲ್ಲ. ಎಬಿಎಸ್ ಬ್ರೇಕಿನ ಪಂಪು, ಕವಾಟ, ಸೆನ್ಸರುಗಳನ್ನೂ ಎಂಜಿನ್ನಿನ ಕಂಪ್ಯೂಟರನ್ನೂ ಎರವಲು ಪಡೆದು ನಡೆಯುವ ಒಂದು ಲೆಕ್ಕಾಚಾರ ಅದು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಬೆಂಜ್‌ನ ಎಸ್-ಕ್ಲಾಸ್ ಕಾರಿಗೆ ಬಂತು; ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ಕಾಯುವ ಅದೇ ಸಾಮಗ್ರಿಯಿಂದ, ವೇಗ ಹೆಚ್ಚಿಸುವಾಗ ಚಕ್ರ ನಿಂತಲ್ಲೇ ಗಿರಗಿರನೆ ತಿರುಗದಂತೆಯೂ ಕಾಯುವ ಕೆಲಸ 1980ರ ದಶಕದ ಉತ್ತರಾರ್ಧದಲ್ಲಿ ಕೈಗೂಡಿತು. ಆದ್ದರಿಂದ ಈ ದೀಪದ ಜೊತೆಗೆ ಎಬಿಎಸ್ ದೀಪವೂ ಉರಿಯುತ್ತಿದ್ದರೆ ಹುಡುಕಾಟವನ್ನು ಚಕ್ರದ ಬಳಿ ಆರಂಭಿಸಬೇಕು. ಎಂಜಿನ್ ದೀಪ ಉರಿಯುತ್ತಿದ್ದರೆ ಮೊದಲು ಎಂಜಿನ್ನಿನ ದೋಷವನ್ನು ನೋಡಬೇಕು, ಏಕೆಂದರೆ ಜಾರುವ ಚಕ್ರವನ್ನು ಹತೋಟಿಗೆ ತರಲು ಎಂಜಿನ್ನಿನ ಶಕ್ತಿಯನ್ನು ತಗ್ಗಿಸಬಹುದೆಂಬ ಭರವಸೆ ಇಲ್ಲದಾಗ ಅನೇಕ ಕಾರುಗಳು ಈ ವ್ಯವಸ್ಥೆಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ.

ಚಕ್ರದ ಬಳಿ ಇರುವುದಾದರೂ ಏನು? ಹಳೆಯ ಕಾರುಗಳಲ್ಲಿ ಚಕ್ರದ ಜೊತೆ ತಿರುಗುವ, ಅಂಚಿನಲ್ಲಿ ಹಲ್ಲುಗಳಿರುವ ಒಂದು ಕಬ್ಬಿಣದ ಬಳೆ; ಅದರಿಂದ ಸುಮಾರು ಒಂದು ಮಿಲಿಮೀಟರ್ ದೂರದಲ್ಲಿ ಅಯಸ್ಕಾಂತಕ್ಕೆ ತಂತಿ ಸುತ್ತಿದ ಒಂದು ಸೆನ್ಸರ್. ಒಂದೊಂದು ಹಲ್ಲು ಎದುರಿಗೆ ಬಂದು ಹೋದಾಗಲೂ ಕಾಂತಕ್ಷೇತ್ರ ಏರಿಳಿದು ತಂತಿಯಲ್ಲಿ ವಿದ್ಯುತ್ತಿನ ಒಂದು ಅಲೆ ಏಳುತ್ತದೆ. ಬಳೆಯಲ್ಲಿ 48 ಹಲ್ಲುಗಳಿದ್ದು ಚಕ್ರದ ಸುತ್ತಳತೆ ಎರಡು ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 240 ಅಲೆಗಳು. ನಾಲ್ಕು ಚಕ್ರಗಳಿಂದ ಬರುವ ಇಂಥ ಅಲೆಗಳನ್ನು ಎಣಿಸಿ ಹೋಲಿಸುವುದಷ್ಟೇ ಕಂಪ್ಯೂಟರಿನ ಕೆಲಸ. ರಸ್ತೆಯಲ್ಲಿ ಕೆಸರಿದೆಯೋ ಎಣ್ಣೆ ಚೆಲ್ಲಿದೆಯೋ ಅದಕ್ಕೆ ತಿಳಿಯದು.

ಹಳೆಯ ಕಾರುಗಳ ಅತ್ಯಂತ ಸ್ವಾರಸ್ಯಕರ ದೋಷ ಹುಟ್ಟುವುದು ಈ ಬಳೆಯಲ್ಲೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಬಹು ಬೇಗ, ನಮ್ಮ ಕರಾವಳಿಯಂಥ ಉಪ್ಪುಗಾಳಿಯ ಊರುಗಳಲ್ಲಿ ತುಸು ನಿಧಾನವಾಗಿ, ಆಕ್ಸಲ್ ಮತ್ತು ಬಳೆಯ ನಡುವೆ ತುಕ್ಕು ಉಬ್ಬಿ ಬಳೆಯನ್ನು ಸೀಳಿಬಿಡುತ್ತದೆ. ಸೀಳಿದ ಕಡೆ ಎರಡು ಹಲ್ಲುಗಳ ನಡುವಿನ ಅಂತರ ಅಗಲವಾಗುವುದರಿಂದ ಪ್ರತಿ ಸುತ್ತಿಗೊಮ್ಮೆ ಒಂದು ಅಲೆ ತಡವಾಗಿ ಬರುತ್ತದೆ, ಕಂಪ್ಯೂಟರು ಅದನ್ನು ಚಕ್ರ ಹಠಾತ್ತಾಗಿ ನಿಧಾನಿಸಿತೆಂದು ಓದಿ, ಬೇಡದಿದ್ದರೂ ಎಬಿಎಸ್ ಅನ್ನು ಕೆಲಸಕ್ಕೆ ಹಚ್ಚುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ, ಸಿಗ್ನಲ್ ಬಳಿ ಮೆಲ್ಲಗೆ ಬ್ರೇಕ್ ಒತ್ತಿ ಇನ್ನೇನು ನಿಲ್ಲುವಾಗ ಪೆಡಲ್ ಕಾಲಡಿಯಲ್ಲಿ ದಡದಡನೆ ನಡುಗಿದರೆ ಮೊದಲ ಗುಮಾನಿ ಈ ಬಳೆಯ ಮೇಲಿರಲಿ. ಸೆನ್ಸರಿನಲ್ಲಿ ದೋಷವೇ ಇಲ್ಲದ ಇಂಥ ಕಾರುಗಳಿಗೆ ಸೆನ್ಸರ್ ಬದಲಿಸಿ ಹಣ ಕಳೆದುಕೊಂಡವರು ಕಡಿಮೆಯೇನಲ್ಲ.

ಆ ನಷ್ಟಕ್ಕೆ ಕಾರಣ, ಕಾರಿನ ಕಂಪ್ಯೂಟರು ಗುರುತಿಟ್ಟುಕೊಳ್ಳುವ ದೋಷಸಂಕೇತವನ್ನು ಅವಸರದಲ್ಲಿ ಓದುವುದು. ಅಗ್ಗದ ಅನೇಕ ಸ್ಕ್ಯಾನರುಗಳು ಎಂಜಿನ್ನಿನ ಸಂಕೇತಗಳನ್ನಷ್ಟೇ ಓದುತ್ತವೆ. ಬ್ರೇಕಿನವು ಸಿ ಅಕ್ಷರದಿಂದ ಆರಂಭವಾಗುವಂಥವು, ಅವನ್ನು ಓದಬಲ್ಲ ಸ್ಕ್ಯಾನರೇ ಬೇಕು. ಮುಂದಿನ ಎಡ ಚಕ್ರದ ಸಂಕೇತ ಬಂದರೆ ಆ ಚಕ್ರದಿಂದ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ ಎಂದಷ್ಟೇ ಅರ್ಥ. ತಪ್ಪು ಸೆನ್ಸರಿನದೋ, ಬಳೆಯದೋ, ಸಡಿಲಗೊಂಡ ಬೇರಿಂಗಿನದೋ, ಇಲಿ ಕಡಿದ ವೈರಿನದೋ ಎಂಬುದನ್ನು ಮಲ್ಟಿಮೀಟರ್ ಹಿಡಿದೇ ತಿಳಿಯಬೇಕು. ತಂತಿ ಸುತ್ತಿದ ಸೆನ್ಸರುಗಳ ರೋಧ ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ಅಳತೆ ಅನಂತವೆಂದು ತೋರಿದರೆ ತಂತಿ ತುಂಡಾಗಿದೆ. ಜಾಕ್ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಎಸಿ ವೋಲ್ಟೇಜು ಏರಬೇಕು, ಜೋರಾಗಿ ತಿರುಗಿಸಿದಷ್ಟೂ ಹೆಚ್ಚಬೇಕು. ಎಡಬಲದ ಸೆನ್ಸರುಗಳನ್ನು ಅದಲುಬದಲು ಮಾಡಿ ಸಂಕೇತ ಯಾವ ಕಡೆಗೆ ಹೋಗುತ್ತದೆಂದು ನೋಡುವ ಉಪಾಯ ಕೇಳಲು ಚೆನ್ನ, ಆದರೆ ತುಕ್ಕಿನಲ್ಲಿ ಹೂತ ಹಳೆಯ ಸೆನ್ಸರ್ ಬಿಚ್ಚುವಾಗಲೇ ಮುರಿಯುವುದುಂಟು. ಅಳತೆಯನ್ನು ಮೊದಲು ಮುಗಿಸುವುದೇ ಜಾಣತನ. ಅನಂತರದ ಕಾರುಗಳಲ್ಲಿ ಚಿಪ್ ಇರುವ ಸಕ್ರಿಯ ಸೆನ್ಸರುಗಳಿವೆ. ಅವು 7 ಮತ್ತು 14 ಮಿಲಿಆಂಪಿಯರ್‌ಗಳ ನಡುವೆ ಜಿಗಿಯುವ ವಿದ್ಯುತ್ತಿನಿಂದ ಮಾತಾಡುತ್ತವೆ, ಅವುಗಳಿಗೆ ಓಮ್ ಅಳತೆ ಹಚ್ಚಬಾರದು.

ಉಳಿದ ಕಾರಣಗಳು ಸಣ್ಣವು, ಆದರೆ ಅಪರೂಪವಲ್ಲ: ಸೊರಗಿದ ಬ್ಯಾಟರಿ, ಕೆಟ್ಟ ಬ್ರೇಕ್ ಲೈಟ್ ಸ್ವಿಚ್, ಒಂದೇ ಕಡೆ ಹಾಕಿದ ಬೇರೆ ಅಳತೆಯ ಟೈರು. ಹಳದಿ ದೀಪವೊಂದೇ ಉರಿಯುತ್ತಿದ್ದರೆ ಮಾಮೂಲಿ ಬ್ರೇಕು ಕೆಲಸ ಮಾಡುತ್ತಿರುತ್ತದೆ. ಕೆಂಪು ಬ್ರೇಕ್ ದೀಪವೂ ಸೇರಿಕೊಂಡರೆ ಕಾರನ್ನು ಅಲ್ಲಿಯೇ ನಿಲ್ಲಿಸಿ ಬ್ರೇಕ್ ಎಣ್ಣೆಯನ್ನು ನೋಡಬೇಕು. ದುರಸ್ತಿ ಸರಿಯಾಗಿದ್ದರೂ ಗ್ಯಾರೇಜಿನಲ್ಲಿ ನಿಂತಲ್ಲೇ ಹಳದಿ ದೀಪ ಆರದಿರಬಹುದು. ಹಲವು ಹಳೆಯ ವ್ಯವಸ್ಥೆಗಳು, ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರಗಳ ಅಲೆಗಳು ಮತ್ತೆ ಸರಿಯಾಗಿ ಬಂದ ಮೇಲಷ್ಟೇ ಅದನ್ನು ಆರಿಸುತ್ತವೆ.