ಮೇಲೆ-ಕೆಳಗೆ ನಳಿಗೆಯ ಕೋವಿ: ಕಡಿಮೆ ದುಡ್ಡಿಗೆ ಏನು ನೋಡಿ ತಗೋಬೇಕು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಂಕೋಲಾ ಕಡೆಯ ಒಬ್ಬ ಹುಡುಗ ಶಿರಸಿಯ ನಮ್ಮ ರಿಪೇರಿ ಅಂಗಡಿಗೆ ಬಂದ. ಜೊತೆಗೆ ಕೋವಿ ಮಾರುವವರೂ ಇದ್ದರು. ‘ಅಣ್ಣಾ, ಒಮ್ಮೆ ನೋಡಿ ಹೇಳಿ. ವ್ಯಾಪಾರ ಮುಗಿಸಬಹುದಾ?’ ಅಂದ.

ನೋಡಲು ಚೆಂದದ ಕೋವಿ. ಎರಡೂ ಬದಿಯಲ್ಲಿ ಹಾರುವ ಬಾತುಗಳ ಕೆತ್ತನೆ. ಮರಕ್ಕೆ ಹೊಸದಾಗಿ ಪಾಲಿಶ್ ಹೊಡೆದಿದ್ದರು. ನಾನು ನಳಿಗೆಯ ಕೆಳಗಿನ ಮರ ಬಿಚ್ಚಿದೆ. ಕಣ್ಣಿಗೆ ಬೀಳದ ಆ ಜಾಗದಲ್ಲಿ ತುಕ್ಕು ಸಾಸಿವೆ ಕಾಳಿನಷ್ಟು ಗುಳಿ ಕೊರೆದಿತ್ತು. ನಳಿಗೆಯನ್ನು ಅದರ ಕೊಕ್ಕೆಯಿಂದ ಬೆರಳಿಗೆ ತೂಗಿ ಹಾಕಿ, ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಗಂಟೆಯ ಹಾಗೆ ಠಣ್ ಅನ್ನಬೇಕಿತ್ತು. ಡಬ್ ಅಂತು. ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಸಡಿಲವಾಗಿದೆ ಅಂತ ಅರ್ಥ. ಒಮ್ಮೆ ಅಲ್ಲಿ ಉಪ್ಪುಗಾಳಿಯ ತೇವ ಹೊಕ್ಕರೆ ಒಳಗಿಂದಲೇ ತಿನ್ನುತ್ತದೆ, ಹೊರಗೆ ಎಷ್ಟು ಎಣ್ಣೆ ಸವರಿದರೂ ಪ್ರಯೋಜನ ಇಲ್ಲ.

‘ಬೇಡ’ ಅಂದೆ. ಹುಡುಗನ ಮುಖ ಸಪ್ಪೆಯಾಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ತಿಂಗಳಿಗೊಬ್ಬರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ.

ನಮ್ಮ ಅಪ್ಪನ ಕಾಲದಲ್ಲಿ ಇಲ್ಲಿ ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಯೇ ಜಾಸ್ತಿ. ಆಮೇಲೆ ಅಕ್ಕಪಕ್ಕ ನಳಿಗೆಯ ತೋಟಾ ಕೋವಿ ಬಂತು. ಒಂದರ ಮೇಲೊಂದು ನಳಿಗೆ ಇರುವುದು ಈ ಕಡೆ ಈಗಲೂ ಅಪರೂಪ. ಗುರಿ ನೋಡುವಾಗ ಕಣ್ಣೆದುರು ಒಂದೇ ನಳಿಗೆ ಕಾಣುತ್ತದೆ, ಅದು ಇದರ ದೊಡ್ಡ ಸುಖ. ಇನ್ನೊಂದು, ಕೆಳಗಿನ ನಳಿಗೆಯಿಂದ ಮೊದಲ ಈಡು ಹೊಡೆದರೆ ಒದೆತ ನೇರ ಹೆಗಲಿಗೆ ಬರುತ್ತದೆ, ಮೂತಿ ಅಷ್ಟಾಗಿ ಮೇಲೆ ಏಳುವುದಿಲ್ಲ. ಎರಡನೇ ಈಡಿಗೆ ಬೇಗ ತಯಾರಾಗಬಹುದು. ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಯವರು ಹೆಚ್ಚಾಗಿ ಇದನ್ನೇ ಹಿಡಿಯುವುದು ಅದಕ್ಕೇ. ಬೆಳೆ ಕಾಯಲು ಮಾತ್ರ ಕೋವಿ ಬೇಕು ಅನ್ನುವವರಿಗೆ ನಾನು ಅಕ್ಕಪಕ್ಕ ನಳಿಗೆಯದೇ ಸಾಕು ಅನ್ನುತ್ತೇನೆ. ಅದೇ ದುಡ್ಡಿಗೆ ಒಳ್ಳೆಯದು ಸಿಗುತ್ತದೆ. ಗುರಿ ಕಲಿಯುವ ಆಸೆ ಇದ್ದವರು ಮುಂದೆ ಓದಿ.

ಹೊರದೇಶದ ಕೋವಿಯನ್ನು ಸಾಮಾನ್ಯರು ತರಿಸಿಕೊಳ್ಳುವುದು 1980ರ ದಶಕದಿಂದಲೇ ನಿಂತಿದೆ. ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ನಮಗೆ ಸಿಗುವುದು ಹೆಚ್ಚಾಗಿ ಕೈ ಬದಲಾದ ಹಳೆಯವು. ಅದರಲ್ಲಿ ಕಡಿಮೆ ಬೆಲೆಗೆ ನಾನು ಧೈರ್ಯವಾಗಿ ಹೇಳುವುದು ರಷ್ಯಾದ ಬೈಕಾಲ್. ತೂಕ ಮೂರೂವರೆ ಕೆಜಿ ಹತ್ತಿರ. ಮರ ಒರಟು, ಕೆತ್ತನೆಯಲ್ಲಿ ನಾಜೂಕಿಲ್ಲ. ಆದರೆ ನಳಿಗೆಯ ಒಳಗೆ ಕ್ರೋಮ್ ಲೇಪ ಇದೆ. ಕಾರವಾರ, ಕುಮಟಾದ ಹವೆಯಲ್ಲಿ ಆ ಲೇಪಕ್ಕೆ ಕೊಟ್ಟ ದುಡ್ಡು ಯಾವ ಬಾತುಕೋಳಿಯ ಕೆತ್ತನೆಗಿಂತಲೂ ಮೇಲು.

ನೋಡಬೇಕಾದ ಮೊದಲ ಜಾಗ ಮಡಚುವ ಕೀಲು. ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ನಳಿಗೆಯ ಕೆಳಗಿನ ಮರ ತೆಗೆದಿಡಿ. ಅದು ಇದ್ದರೆ ಅದರ ಸ್ಪ್ರಿಂಗ್ ಒತ್ತಿ ಹಿಡಿದು ಸಡಿಲವನ್ನು ಮುಚ್ಚಿಡುತ್ತದೆ. ಈಗ ಕೋವಿ ಮುಚ್ಚಿ, ಒಂದು ಕೈಯಲ್ಲಿ ಹಿಡಿಯ ಮರ, ಇನ್ನೊಂದರಲ್ಲಿ ನಳಿಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಕೋವಿ ತೆರೆಯುವ ಮೇಲಿನ ಲಿವರ್ ಎಲ್ಲಿ ನಿಲ್ಲುತ್ತದೆ ನೋಡಿ. ಹೊಸದರಲ್ಲಿ ಅದು ನಡುವಿಗಿಂತ ಬಲಕ್ಕೆ ಇರುತ್ತದೆ. ಸವೆದಂತೆಲ್ಲ ಎಡಕ್ಕೆ ಸರಿಯುತ್ತದೆ. ನಡು ದಾಟಿ ಎಡಕ್ಕೆ ಹೋಗಿದ್ದರೆ ರಿಪೇರಿ ಖರ್ಚನ್ನು ಬೆಲೆಯಲ್ಲೇ ಕಳೆದು ಮಾತಾಡಿ.

ಇನ್ನು ಟ್ರಿಗರ್. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಅದೇ ಬೇಜಾರು. ಒಂದೇ ಟ್ರಿಗರ್ ಇರುವ ಕೋವಿಯಲ್ಲಿ ಎರಡು ಬಗೆ. ಒಂದರಲ್ಲಿ ಮೊದಲ ಈಡಿನ ಒದೆತವೇ ಎರಡನೇ ನಳಿಗೆಯನ್ನು ತಯಾರು ಮಾಡುತ್ತದೆ. ಇನ್ನೊಂದಕ್ಕೆ ಒದೆತ ಬೇಡ, ಬೆರಳು ಬಿಟ್ಟು ಮತ್ತೆ ಎಳೆದರೆ ಸಾಕು. ನಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ತೋಟಾ ತೇವ ಹಿಡಿಯುತ್ತದೆ. ಒದೆತ ಬೇಡುವ ಕೋವಿಯಲ್ಲಿ ಮೊದಲ ತೋಟಾ ಟುಸ್ ಅಂದರೆ ಒದೆತ ಎಲ್ಲಿಂದ ಬರಬೇಕು? ಎರಡನೆಯದೂ ಹಾರುವುದಿಲ್ಲ. ಪರೀಕ್ಷೆ ಸುಲಭ. ಎರಡೂ ನಳಿಗೆಗೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಟ್ರಿಗರ್ ಎಳೆಯಿರಿ, ಬಿಟ್ಟು ಮತ್ತೆ ಎಳೆಯಿರಿ. ಎರಡನೇ ಸಲ ಟಕ್ ಅನ್ನದಿದ್ದರೆ ಅದು ಒದೆತ ಬೇಡುವ ಬಗೆ. ಎರಡು ಟ್ರಿಗರ್ ಇರುವುದನ್ನು ಹಳೇಕಾಲದ್ದು ಅಂತ ದೂರ ಮಾಡಬೇಡಿ. ಹೆಸರುವಾಸಿಯಾದ ಬ್ರೌನಿಂಗ್ ಸೂಪರ್‌ಪೋಸ್ಡ್ 1931ರಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕೂ ಎರಡೇ ಟ್ರಿಗರ್ ಇದ್ದವು. ಅದನ್ನು ರೂಪಿಸಿದ ಜಾನ್ ಬ್ರೌನಿಂಗ್ 1926ರಲ್ಲೇ ತೀರಿಕೊಂಡಿದ್ದರು, ಒಂದು ಟ್ರಿಗರ್‌ನ ವ್ಯವಸ್ಥೆ ಕೂಡಿಸಿದ್ದು ಮಗ ವಾಲ್. ಕರಾವಳಿಯವರಿಗೆ ನಾನು ಎರಡು ಟ್ರಿಗರ್‌ನದನ್ನೇ ಮೊದಲು ತೋರಿಸುತ್ತೇನೆ.

ತೋಟಾ ಕೂರುವ ಗೂಡಿನ ಉದ್ದವನ್ನು ಗೇಜಿನಿಂದ ಅಳೆಸಿ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಅದು 65 ಮಿ.ಮೀ. ಇರಬಹುದು. ಈಗಿನ ತೋಟಾ ಸಾಮಾನ್ಯವಾಗಿ 70 ಮಿ.ಮೀ. ಈ ಉದ್ದ ಹೊಡೆದ ಮೇಲೆ ಬಾಯಿ ಬಿಚ್ಚಿದಾಗಿನದು. ಹಾಗಾಗಿ ಉದ್ದದ ತೋಟಾ ಗಿಡ್ಡ ಗೂಡಿನಲ್ಲೂ ಸಲೀಸಾಗಿ ಕೂರುತ್ತದೆ, ಮೋಸ ಆಗುವುದು ಅಲ್ಲೇ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಇದರಲ್ಲಿ ಅಂದಾಜು ಬೇಡವೇ ಬೇಡ.

ಅಗ್ಗದ ಕೋವಿಯ ಇನ್ನೊಂದು ದೋಷ, ಎರಡು ನಳಿಗೆ ಎರಡು ಕಡೆ ಹೊಡೆಯುವುದು. ಲೈಸೆನ್ಸ್ ಇರುವ ರೇಂಜಿನಲ್ಲಿ 40 ಗಜ ದೂರ ದೊಡ್ಡ ಕಾಗದ ಕಟ್ಟಿ, ಒಂದೊಂದು ನಳಿಗೆಯಿಂದ ಬೇರೆ ಬೇರೆ ಕಾಗದಕ್ಕೆ ಹೊಡೆದು ನೋಡಿ. ಫುಲ್ ಚೋಕ್, ಅಂದರೆ ಮೂತಿಯ ಹತ್ತಿರ ನಳಿಗೆ ಚೆನ್ನಾಗಿ ಕಿರಿದಾಗಿದ್ದರೆ, 30 ಇಂಚಿನ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಬೀಳಬೇಕು. ಲೆಕ್ಕಕ್ಕಿಂತ ಮುಖ್ಯ, ಎರಡೂ ವೃತ್ತ ಒಂದೇ ಜಾಗದಲ್ಲಿ ಇವೆಯಾ ಅನ್ನುವುದು. ಇದನ್ನು ಅಂಗಡಿಯಲ್ಲಿ ಕೂತು ನಾನೂ ಹೇಳಲಾರೆ.

ಕಾಗದಪತ್ರದ ಮಾತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ. ಹಾಗಾಗಿ ತಪ್ಪು ಕೋವಿ ತಗೊಂಡರೆ ಒಂದು ಜಾಗ ಸುಮ್ನೆ ಹೋಯಿತು. ಇನ್ನೊಬ್ಬ ಲೈಸೆನ್ಸ್‌ದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆಯಬೇಕು. ಮುಂಗಡ ಕೊಟ್ಟು ಅವಸರ ಮಾಡಬೇಡಿ. ಕೋವಿ ಕೈಗೆ ಬಂತು ಅಂತ ಕಾಡುಹಂದಿ, ಮಂಗನ ಮೇಲೆ ಗುರಿ ಇಡುವುದೂ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ.

ಚುನಾವಣೆ ಬಂತೆಂದರೆ ನಮ್ಮ ಕಡೆ ಕೋವಿ ಠೇವಣಿ ಇಡುವುದು ಗೊತ್ತಲ್ಲ. ಒಮ್ಮೆ ನನ್ನದೇ ಕೋವಿ ವಾರಗಟ್ಟಲೆ ತೇವದ ಗೋಡೆಗೆ ಒರಗಿ ನಿಂತು, ನಳಿಗೆಯ ಮೇಲೆ ಕೆಂಪು ಚುಕ್ಕೆ ಹೊತ್ತು ವಾಪಸ್ ಬಂತು. ಈಗ ಕೊಡುವ ಹಿಂದಿನ ದಿನ ಪಟ್ಟಿಯ ಅಂಚಿಗೆಲ್ಲ ಗ್ರೀಸ್ ತುಂಬಿ, ಎಣ್ಣೆ ಹಚ್ಚಿದ ಹತ್ತಿಬಟ್ಟೆ ಸುತ್ತಿ ಕೊಡುತ್ತೇನೆ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಅದು ತೇವ ಹಿಡಿದಿಡುತ್ತದೆ.

ಅಂಕೋಲಾದ ಹುಡುಗ ಮತ್ತೆ ಬಂದದ್ದು ಸಂಕ್ರಾಂತಿ ಹೊತ್ತಿಗೆ. ಈ ಸಲ ನೋಡಿದ್ದು ಒಂದು ಒರಟು ಬೈಕಾಲ್, ಎರಡು ಟ್ರಿಗರ್‌ನದು. ಹಿಡಿಯ ಮರದಲ್ಲಿ ಒಂದು ಗೀರು ಇತ್ತು, ಅದನ್ನೇ ತೋರಿಸಿ ಅವನು ಹಿಂಜರಿದ. ನಾನು ನಳಿಗೆ ಬಿಚ್ಚಿ ಅವನ ಬೆರಳಿಗೇ ತೂಗಿ ಹಾಕಿ, ‘ನೀನೇ ತಟ್ಟು’ ಅಂದೆ. ತಟ್ಟಿದ. ಅಂಗಡಿ ತುಂಬ ಠಣ್ ಅಂತು.