ಅಲಂಕಾರಕ್ಕೆ ಮುಂಚೆ ಒಂದು ಫೋಟೋ

ಹೋದ ವರ್ಷ ತುಮಕೂರು ಕಡೆಯ ಇಬ್ಬರು ಹಿರಿಯರು ನನ್ನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದಿದ್ದರು. ಹಳೆಯ ವಿಗ್ರಹಗಳನ್ನು ಶುಚಿ ಮಾಡಿ, ಅಳೆದು, ದಾಖಲೆ ಬರೆಯುವುದು ನನ್ನ ಕೆಲಸ. ಅವರೂರಿನ ಉತ್ಸವಮೂರ್ತಿ ಕಳುವಾಗಿತ್ತು. ಸುಮಾರು 30 ಫೋಟೋ ತಂದಿದ್ದರು. ಎಲ್ಲದರಲ್ಲೂ ರೇಷ್ಮೆ ವಸ್ತ್ರ, ಬೆಳ್ಳಿ ಕವಚ, ಕೊರಳ ತುಂಬ ಹಾರ. ಮೂರ್ತಿಯ ಮೈ ಬೆರಳಗಲವೂ ಕಾಣುತ್ತಿರಲಿಲ್ಲ.

"ನಮ್ಮ ಸ್ವಾಮೀನ ಎಲ್ಲಿದ್ರೂ ಗುರುತು ಹಿಡೀತೀವಿ ಸಾರ್" ಎಂದರು.

ಅವರು ಹಿಡಿಯುತ್ತಾರೆ. ಕೋರ್ಟಿಗೆ ಅಷ್ಟು ಸಾಲದು.

ವಿದೇಶದ ಮ್ಯೂಸಿಯಂಗಳು ನಮ್ಮ ವಿಗ್ರಹಗಳನ್ನು ಕೊಡಬೇಕೇ ಎಂದು ಜನ ನನ್ನನ್ನು ಕೇಳುತ್ತಿರುತ್ತಾರೆ. ಕದ್ದದ್ದನ್ನು ಕೊಡಲೇಬೇಕು. 1799ರಲ್ಲಿ ಶ್ರೀರಂಗಪಟ್ಟಣದಿಂದ ಲೂಟಿಯಾದ ಟಿಪ್ಪುವಿನ ಮರದ ಹುಲಿಬೊಂಬೆಯೂ ಲಂಡನ್ನಿನಿಂದ ಬರಬೇಕು ಎನ್ನುವವನು ನಾನು. ಅಲ್ಲಿನ ಮ್ಯೂಸಿಯಂ ಮನಸ್ಸು ಮಾಡಿದರೂ ಕೈ ಕಟ್ಟುವ ಕಾಯ್ದೆಯೊಂದಿದೆ. ಕಾಯ್ದೆಯನ್ನು ತಿದ್ದಬಹುದು, ಅಲ್ವಾ? ಆ ಹುಲಿ ಎಲ್ಲಿಯದು ಎಂಬುದಕ್ಕಂತೂ ಸಾಕ್ಷಿ ಬೇಕಿಲ್ಲ. ನಮ್ಮ ಹಳ್ಳಿಯ ದೇವರಿಗೆ ಬೇಕು.

ತಮಿಳುನಾಡಿನ ಶ್ರೀಪುರಂದಾನ್ ನಟರಾಜನ ಕತೆ ನೋಡಿ. 2006ರಲ್ಲಿ ಕಳವಾಯಿತು. 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಅದನ್ನು ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಪ್ರಾಚೀನ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸದಂತೆ ತಡೆಯುವ ಭಾರತದ 1972ರ ಕಾಯ್ದೆಗೂ ಮೊದಲೇ ವಿಗ್ರಹ ದೇಶ ಬಿಟ್ಟಿತ್ತು ಎಂಬ ಸುಳ್ಳು ಕಾಗದ ಜೊತೆಗಿತ್ತು. ಆ ಸುಳ್ಳನ್ನು ಒಡೆದದ್ದು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು 1990ರ ದಶಕದಲ್ಲಿ ಆ ದೇವಸ್ಥಾನದಲ್ಲೇ ತೆಗೆದಿಟ್ಟಿದ್ದ ಫೋಟೋ. 2014ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ನಟರಾಜನನ್ನು ಒಪ್ಪಿಸಿದರು.

ಹೀಗೆ ಹೋಲಿಸುವಾಗ ನಾವು ಮುಖದ ಚೆಲುವು ನೋಡುವುದಿಲ್ಲ, ಕೊರತೆಗಳನ್ನು ಹುಡುಕುತ್ತೇವೆ. ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ವಿಗ್ರಹವನ್ನು ಅಚ್ಚು ಒಡೆದೇ ಹೊರತೆಗೆಯಬೇಕು. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಎರಕದಲ್ಲಿ ಗಾಳಿ ಸೇರಿ ಬಿದ್ದ ಸಣ್ಣ ಗುಳಿ, ಸವೆದ ಮೂಗು, ಬೆಸುಗೆ ಹಾಕಿದ ಬೆರಳು, ಪೀಠದ ಹಿಂದಿನ ನಾಲ್ಕು ಅಕ್ಷರ ಇವೇ ಗುರುತು. ಇವೆಲ್ಲ ಕವಚದ ಅಡಿಯಲ್ಲೇ ಇರುತ್ತವೆ.

ಅಲಂಕಾರವಿಲ್ಲದ ಸ್ವಾಮಿಯ ಫೋಟೋ ತೆಗೆಯಬಾರದು ಎಂದು ಅರ್ಚಕರು ಹೇಳಿದರೆ ನಾನು ವಾದ ಮಾಡುವುದಿಲ್ಲ. ಅದು ಭಕ್ತಿಯಿಂದ ಬಂದ ಮಾತು. ಫೋಟೋ ವಾಟ್ಸಾಪಿಗೆ ಹೋಗುವುದಿಲ್ಲ, ಮೊಹರು ಹಾಕಿದ ಲಕೋಟೆಯಲ್ಲಿ ಇರುತ್ತದೆ ಎಂದು ಮಾತು ಕೊಡುತ್ತೇನೆ. ಜಾಸ್ತಿ ಜನ ಆಮೇಲೆ ಒಪ್ಪುತ್ತಾರೆ.

ಇನ್ನೊಂದು ನೋವೂ ಇದೆ. ವಾಪಸ್ ಬಂದ ಎಷ್ಟೋ ವಿಗ್ರಹಗಳು ಊರು ಸೇರದೆ ತಮಿಳುನಾಡಿನ ಕುಂಭಕೋಣದಲ್ಲಿ ವಿಗ್ರಹಗಳನ್ನು ಕಾಯ್ದಿಡುವ ಭದ್ರತಾ ಕೇಂದ್ರದಲ್ಲೇ ಉಳಿದಿವೆ. ದೇಶಕ್ಕೆ ಬಂದರೆ ಅರ್ಧ ದಾರಿ ಬಂದಂತೆ, ಅಷ್ಟೇ.

ಆ ಹಿರಿಯರ ಮೂರ್ತಿ ಇನ್ನೂ ಸಿಕ್ಕಿಲ್ಲ. ಆದರೆ ಅವರೇ ಓಡಾಡಿ ಪಕ್ಕದೂರಿನವರನ್ನು ಫೋಟೋಗೆ ಒಪ್ಪಿಸಿದರು. ಶ್ರಾವಣದ ಒಂದು ಬೆಳಿಗ್ಗೆ ಅಭಿಷೇಕ ಮುಗಿಸಿ, ಮೈ ಒರೆಸಿ, ಅರ್ಚಕರು ನಮಗೆ ಹತ್ತು ನಿಮಿಷ ಕೊಟ್ಟರು. ಮುಂದೆ, ಹಿಂದೆ, ಎರಡು ಪಕ್ಕ, ಪೀಠದ ಅಡಿ. ಪ್ರತಿ ಫೋಟೋದಲ್ಲೂ ಪಕ್ಕಕ್ಕೊಂದು ಅಳತೆ ಪಟ್ಟಿ. ಒಂದು ಪ್ರತಿ ದೇವಸ್ಥಾನದ ಪೆಟ್ಟಿಗೆಯಲ್ಲಿದೆ, ಒಂದು ತಾಲೂಕು ಕಚೇರಿಯಲ್ಲಿ, ಇನ್ನೊಂದು ನನ್ನ ಬೀರುವಿನಲ್ಲಿ.